ಪೂರಿ ಕಪ್ಪಾಗುವವರೆಗೆ

ನನ್ನ ಹೋಟೆಲಿನಲ್ಲಿ ರಕ್ತ ಚೆಲ್ಲಿದ ದಿನ ಪೂರಿ ಹಿಟ್ಟು ಎಂದಿಗಿಂತ ಗಟ್ಟಿಯಾಗಿತ್ತು. ಹಿಟ್ಟು ಗಟ್ಟಿಯಾದರೆ ಲಟ್ಟಿಸಲು ಹೊತ್ತು ಹಿಡಿಯುತ್ತದೆ, ಲಟ್ಟಿಸುವುದು ತಡವಾದರೆ ಹೊರಗೆ ಕುಳಿತವರ ಗದ್ದಲ ಶುರುವಾಗುತ್ತದೆ, ಗದ್ದಲ ಶುರುವಾದರೆ ನನ್ನ ತಲೆ ಕೆಡುತ್ತದೆ. ತಲೆ ಕೆಟ್ಟಾಗ ನಾನು ಕೈಗೆ ಸಿಕ್ಕಿದ್ದನ್ನು ನೋಡದೆ ಎತ್ತುವ ಪೈಕಿ. ಅವತ್ತು ಎತ್ತಿದ್ದು ಒಂದು ಗೇಣುದ್ದದ ಕಬ್ಬಿನ ತುಂಡು.

ನಮ್ಮದು ಹಳಿಯಾಳದ ಹೊರಗೆ, ಸಕ್ಕರೆ ಕಾರ್ಖಾನೆಯ ಹಾದಿಯ ಮೇಲಿನ ತಗಡಿನ ಹೋಟೆಲು. ನಾನು ಎಣ್ಣೆ ಬಾಣಲೆಯ ಮುಂದೆ, ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಲಟ್ಟಣಿಗೆಯ ಮುಂದೆ. ಮುಂಜಾನೆ ಪೂರಿ-ಭಾಜಿ, ಉಪ್ಪಿಟ್ಟು, ಅವಲಕ್ಕಿ, ಚಹಾ. ಹತ್ತು ಗಂಟೆಗೆಲ್ಲ ಪಾತ್ರೆ ಖಾಲಿ. ಕಬ್ಬು ನುರಿಸುವ ಹಂಗಾಮು ಬಂತೆಂದರೆ ಗಿರಾಕಿಗಳೆಲ್ಲ ಟ್ರ್ಯಾಕ್ಟರ್ ಡ್ರೈವರುಗಳೇ. ಮುಂಡಗೋಡ, ಜೋಯಿಡಾ, ದಾಂಡೇಲಿ ಕಡೆಯಿಂದ ಎರಡೆರಡು ಟ್ರೇಲರ್ ಕಬ್ಬು ಎಳೆದುಕೊಂಡು ಬಂದು, ಒಳಗೆ ಬಿಡುವವರೆಗೂ ನಮ್ಮಲ್ಲೇ ಬಿದ್ದಿರುತ್ತಾರೆ.

ರಸ್ತೆ ಕಿರಿದು. ಸಾಲಾಗಿ ನಿಲ್ಲಿಸಿದರೆ ಬಸ್ಸು ಹೋಗುವುದಿಲ್ಲ. ಹಾಗಾಗಿ ಒಬ್ಬ ಆಲದ ಮರದ ಕೆಳಗೆ, ಒಬ್ಬ ಕೊಯ್ದ ಗದ್ದೆಯಲ್ಲಿ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಯಾರು ಮೊದಲು ಬಂದರು, ಯಾರು ಆಮೇಲೆ ಎನ್ನುವುದು ಕಣ್ಣಿಗೆ ಕಾಣುವುದಿಲ್ಲ. ಹಿಂದೆ ಇದೇ ಪಾಳಿಯ ಜಗಳದಲ್ಲಿ ಒಬ್ಬನ ಮುಂದಿನ ಹಲ್ಲು ಉದುರಿದ ಮೇಲೆ ಹಿರಿಯ ಡ್ರೈವರನೊಬ್ಬ ಒಂದು ಉಪಾಯ ಹುಡುಕಿದ. ಬಂದವನು ತನ್ನ ಹೇರಿನಿಂದ ಒಂದು ಕಬ್ಬು ಎಳೆದು ಗೇಣುದ್ದ ಕತ್ತರಿಸಬೇಕು. ಒಂದು ಮಗ್ಗುಲ ಸಿಪ್ಪೆ ಹೆರೆದು, ಅಲ್ಲಿ ಮಾರ್ಕರ್ ಪೆನ್ನಿನಿಂದ ಗಾಡಿಯ ನಂಬರು ಬರೆದು ನನ್ನ ಕೈಗೆ ಕೊಡಬೇಕು. ನಾನು ಅದನ್ನು ಒಲೆಯ ಪಕ್ಕದ ಹಲಗೆಯ ಮೇಲೆ ಇಡುತ್ತೇನೆ. ಒಲೆಯ ಹತ್ತಿರದ ತುಂಡು ಮೊದಲನೆಯದು, ಬಾಗಿಲ ಕಡೆಯದು ಕೊನೆಯದು. ಗೇಟಿನವನು ಫೋನು ಮಾಡಿ "ಅಕ್ಕಾ, ಐದು ಬಿಡ್ರಿ" ಅಂದರೆ ನಾನು ಒಲೆಯ ಕಡೆಯಿಂದ ಐದು ತುಂಡು ಎತ್ತಿ ನಂಬರು ಕೂಗುತ್ತೇನೆ. ಹಲಗೆಯನ್ನು ನನ್ನ ಹೊರತು ಯಾರೂ ಮುಟ್ಟುವಂತಿಲ್ಲ.

"ಊರಿಗೆ ಉಪಕಾರ ಮಾಡಬಾರದು, ಹೆಣಕ್ಕ ಶೃಂಗಾರ ಮಾಡಬಾರದು," ಎನ್ನುತ್ತಿದ್ದಳು ನೆಗೆಣ್ಣಿ. "ನಿನಗ್ಯಾಕ ಬೇಕ ಈ ಪಂಚಾಯ್ತಿಕಿ? ಪೂರಿ ಕರಿ, ಸುಮ್ನಿರು."

ನಾನು ಸುಮ್ಮನಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಅದರ ಸೊಕ್ಕಿತ್ತು. ಕೊಯ್ತಾ ಹಿಡಿದು ಕಬ್ಬು ಕಡಿಯುವ ಗಂಡಸರು, ಮೈಮೇಲೆ ಟ್ರ್ಯಾಕ್ಟರ್ ಹಾಯಿಸುವಂಥ ಡ್ರೈವರುಗಳು ನನ್ನ ಒಂದು ಕೂಗಿಗೆ ಎದ್ದು ನಿಲ್ಲುತ್ತಿದ್ದರು.

ಹಲಗೆಯ ಒಲೆ ಕಡೆಯ ತುದಿಗೆ ಒಂದು ಎಣ್ಣೆ ಡಬ್ಬಿಯಿತ್ತು. ಡ್ರೈವರುಗಳು ಪ್ರೀತಿಯಿಂದ ಕೊಟ್ಟ ಕಬ್ಬನ್ನೂ ಕತ್ತರಿಸಿ ಅದರಲ್ಲಿ ಹಾಕಿಡುತ್ತಿದ್ದೆ, ಬರುವ ಹೋಗುವ ಮಕ್ಕಳಿಗೆಂದು. ಪಾಳಿಯ ತುಂಡೂ ಮಕ್ಕಳ ತುಂಡೂ ಒಂದು ಮೊಳದ ಅಂತರದಲ್ಲಿ ಇರಬಾರದು ಎನ್ನುವ ಬುದ್ಧಿ ನನಗಿರಲಿಲ್ಲ.

ಅವತ್ತು ಹಲಗೆ ತುಂಬಿತ್ತು. ಬೆಳಗಾದಾಗಿನಿಂದ ಕಾರ್ಖಾನೆಯೊಳಗೆ ಏನೋ ರಿಪೇರಿಯಿಂದಾಗಿ ಬಿಡುವುದು ನಿಧಾನವಾಗಿತ್ತು. ಎಲ್ಲರ ಮುಖವೂ ಗಂಟು. ಮೊದಲ ತುಂಡು ಮುಂಡಗೋಡ ಕಡೆಯ ಡ್ರೈವರನದು. ಬರುವ ಹಾದಿಯಲ್ಲಿ ಟೈರು ಒಡೆದು ಅವನ ಒಂದಿಡೀ ದಿನ ಹೋಗಿತ್ತು, ಕಡಿದ ಕಬ್ಬು ಮೂರನೆಯ ದಿನದ ಬಿಸಿಲಿಗೆ ಒಣಗುತ್ತಿತ್ತು. ಕಬ್ಬಿನ ಮಾಲೀಕ ಗಳಿಗೆಗೊಮ್ಮೆ ಫೋನು ಮಾಡಿ ಬೈಯುತ್ತಿದ್ದ. ಡ್ರೈವರನ ಕಣ್ಣು ಕೆಂಡದ ಹಾಗಿದ್ದವು. ಎರಡನೆಯ ತುಂಡು ಸಾಂಬ್ರಾಣಿ ಕಡೆಯ, ಸಿದ್ದಿ ಜನಾಂಗದ ಡ್ರೈವರನದು, ಇಪ್ಪತ್ತೈದು ಇಪ್ಪತ್ತಾರರ ಪ್ರಾಯ, ಮಾತು ಕಡಿಮೆ. ಹಿಂದಿನ ವಾರ ಗಾಡಿ ತಿರುಗಿಸುವಾಗ ಇವನ ಟ್ರೇಲರು ಮುಂಡಗೋಡದವನ ಗಾಡಿಗೆ ತರಚಿ ಇಬ್ಬರಿಗೂ ಬಾಯಿಗೆ ಬಾಯಿ ಹತ್ತಿತ್ತು. ಅವತ್ತು ಇವನು ಹಲಗೆಯ ಪಕ್ಕದ ಬೆಂಚಿನಲ್ಲಿ ಕುಳಿತು ಪೂರಿ ತಿನ್ನುತ್ತಿದ್ದ.

ಮುಂಡಗೋಡದವನ ಜೊತೆ ಕಬ್ಬು ಕಡಿಯುವ ಗ್ಯಾಂಗಿನ ಇಬ್ಬರು ಗಂಡಸರು ಬಂದಿದ್ದರು. ಅದೇ ಗ್ಯಾಂಗಿನ ಒಬ್ಬ ಹೆಂಗಸು ಮೂರು ವರ್ಷದ ಮಗಳಿಗೆ ಜ್ವರವೆಂದು, ಹಳಿಯಾಳದ ದವಾಖಾನೆಗೆ ತೋರಿಸಲು ಅದೇ ಗಾಡಿ ಹತ್ತಿ ಬಂದಿದ್ದಳು. ಕೂಸು ಒಂದೇ ಸಮನೆ ಕಿರುಚುತ್ತಿತ್ತು. ಒಂದು ಕಡೆ ಗಟ್ಟಿ ಹಿಟ್ಟು, ಒಂದು ಕಡೆ "ಅಕ್ಕಾರ, ಪೂರಿ ಎಲ್ಲಿ? ಅಕ್ಕಾರ, ಭಾಜಿ ಹಾಕ್ರಿ" ಎನ್ನುವವರು, ಮೇಲೆ ಈ ಕಿರುಚಾಟ. ನನ್ನ ಬಲಗೈಯ ಸೌಟು ಬಾಣಲೆಯಲ್ಲಿತ್ತು. ಎಡಗೈ ಚಾಚಿ ಡಬ್ಬಿಯಿಂದ ಒಂದು ತುಂಡು ಎತ್ತಿ, ತಿರುಗಿ ನೋಡದೆ ಕೂಸಿನ ಕೈಗಿಟ್ಟೆ.

"ತಗೋ ನನ್ನವ್ವ, ಬಾಯಿ ಮುಚ್ಚು," ಅಂದೆ.

ಕೂಸು ಬಾಯಿ ಮುಚ್ಚಿತು. ತಾಯಿ ಅದನ್ನೆತ್ತಿಕೊಂಡು ಬಾಗಿಲ ಕಂಬದ ಹತ್ತಿರ ಹೋಗಿ ಕುಳಿತಳು. ನಾನು ಎತ್ತಿದ್ದು ಡಬ್ಬಿಯಿಂದಲ್ಲ, ಹಲಗೆಯಿಂದ.

ಸ್ವಲ್ಪ ಹೊತ್ತಿಗೆ ಗೇಟಿನವನ ಫೋನು ಬಂತು. ಒಲೆಯ ಕಡೆಯಿಂದ ಐದು ತುಂಡು ಎತ್ತಿ ನಂಬರು ಕೂಗಿದೆ. ಸಾಂಬ್ರಾಣಿಯವನ ನಂಬರು ಮೊದಲು ಬಂತು. ಅವನು ಉಳಿದ ಪೂರಿ ಬಾಯಿಗೆ ತುರುಕಿಕೊಂಡು ಏಳುವಷ್ಟರಲ್ಲಿ, ಹೊರಗೆ ಬೋರಿನ ಹತ್ತಿರ ಮುಖ ತೊಳೆಯಲು ಹೋಗಿದ್ದ ಮುಂಡಗೋಡದವನು ನೀರು ತೊಟ್ಟಿಕ್ಕುವ ಗಡ್ಡದಲ್ಲೇ ಒಳಗೆ ಬಂದ.

"ಅಕ್ಕಾರ, ನನ್ನ ನಂಬರ್ ಎಲ್ಲೈತಿ?"

ಹಲಗೆ ನೋಡಿದೆ. ಇರಲಿಲ್ಲ. ಬಗ್ಗಿ ಕೆಳಗೆ ನೋಡಿದೆ, ಇರಲಿಲ್ಲ.

"ಚುಮುಚುಮು ಬೆಳಕಿನ್ಯಾಗ ನಿಮ್ಮ ಕೈಯಾಗ ಕೊಟ್ಟೇನಿ. ನನ್ನ ಕಣ್ಣ ಮುಂದ ಇಟ್ಟಿರಿ."

"ಇಟ್ಟೀನಿ, ಇಲ್ಲಂದ್ನೇನು?" ಎಂದು ನಾನೂ ಏರಿಸಿದೆ. "ನಾ ಇಟ್ಟಿದ್ದು ಎಲ್ಲೂ ಹೋಗೂದಿಲ್ಲ. ಯಾರರ ತಗದಿದ್ರ ನನಗೇನ ಗೊತ್ತಪಾ?"

ಈ ಮಾತು ಆಡಿದ ನಾಲಿಗೆ ನನ್ನದೇ. ಹುಡುಕೋಣ ತಡಿ, ನಿನ್ನನ್ನೇ ಮೊದಲು ಬಿಡಿಸುತ್ತೇನೆ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಅಷ್ಟು ಜನರ ಎದುರು ನನ್ನ ಹಲಗೆ ತಪ್ಪಿತು ಎಂದು ಒಪ್ಪಲು ನನಗೆ ಆಗಲಿಲ್ಲ.

ಮುಂಡಗೋಡದವನು ಹಲಗೆಯನ್ನು ನೋಡಿದ, ಹಲಗೆಯ ಪಕ್ಕದ ಬೆಂಚು ನೋಡಿದ, ಬೆಂಚಿನಿಂದ ಎದ್ದು ನಿಂತವನನ್ನು ನೋಡಿದ.

"ನೀನ ಏನಲೇ?"

"ನಾ ಮುಟ್ಟಿಲ್ಲಣ್ಣಾ," ಎಂದ ಸಾಂಬ್ರಾಣಿಯವನು. ಬಾಯಲ್ಲಿ ಪೂರಿ ಇನ್ನೂ ಇತ್ತು. "ದೇವರಾಣಿ ಮುಟ್ಟಿಲ್ಲ."

ಮೊದಲ ಏಟು ಸ್ಟೀಲಿನ ತಾಟಿನದು. ಅಂಚು ಕಿವಿಯ ಮೇಲೆ ಬಿತ್ತು, ಭಾಜಿ ಗೋಡೆಗೆ ಹಾರಿತು. ಸಾಂಬ್ರಾಣಿಯವನು ಎರಡೂ ಕೈ ಎತ್ತಿ ತಲೆ ಮುಚ್ಚಿಕೊಂಡ. ಗ್ಯಾಂಗಿನ ಇಬ್ಬರು ಅವನನ್ನು ಬೆಂಚಿನಿಂದ ಎಳೆದು ನೆಲಕ್ಕೆ ಕೆಡವಿದರು. ಒಬ್ಬ ಕಾಲಿನಿಂದ ಪಕ್ಕೆಗೆ ಒದ್ದ. ಅಷ್ಟರಲ್ಲಿ ಮುಂಡಗೋಡದವನು ಹೊರಗೆ ಓಡಿ ಗಾಡಿಯಿಂದ ಜಾಕಿನ ರಾಡು ತಂದ. ರಾಡು ಮೊದಲು ಮೊಣಕೈ ಮೇಲೆ ಬಿತ್ತು. ಹಸಿ ಕಟ್ಟಿಗೆ ಮುರಿದಂಥ ಸದ್ದು ಬಂತು. ಸಾಂಬ್ರಾಣಿಯವನು ಒಮ್ಮೆ ಕೂಗಿದ, ಆಮೇಲೆ ಕೂಗಲಿಲ್ಲ.

ಉಳಿದ ಡ್ರೈವರುಗಳು ತಾಟು ಹಿಡಿದುಕೊಂಡೇ ಹಿಂದೆ ಸರಿದು ನಿಂತರು. ಹತ್ತು ಹನ್ನೆರಡು ಗಂಡಸರು, ಒಬ್ಬನೂ ಬಿಡಿಸಲಿಲ್ಲ. ಹೊಡೆಯುವವನ ಹೆಸರು ಎಲ್ಲರಿಗೂ ಗೊತ್ತಿತ್ತು. ಹೊಡೆಸಿಕೊಳ್ಳುವವನಿಗೆ "ಆ ಸಿದ್ದಿ" ಎನ್ನುತ್ತಿದ್ದರು. ಯಾರೋ ಹಿಂದಿನಿಂದ "ಪಾಳಿ ಕದ್ದಾನ, ಹಾಕ್ರಿ ಇನ್ನೊಂದು" ಎಂದೂ ಅಂದ. ತಮ್ಮ ತಮ್ಮ ತುಂಡು ಹಲಗೆಯ ಮೇಲೆ ಭದ್ರವಾಗಿದೆಯಲ್ಲ, ಅವರಿಗೇನು?

ನಾನು ಆಗಷ್ಟೇ ಒಂದು ಪೂರಿಯನ್ನು ಎಣ್ಣೆಗೆ ಬಿಟ್ಟಿದ್ದೆ. ಅದು ಮೇಲೆದ್ದು ಉಬ್ಬುವ ಹೊತ್ತಿಗೆ ನನ್ನ ಕಣ್ಣು ಬಾಗಿಲ ಕಡೆ ಹೋಯಿತು. ಕಂಬದ ಹತ್ತಿರ ತಾಯಿಯ ತೊಡೆಯ ಮೇಲೆ ಕೂಸು ಕಬ್ಬು ಚೀಪುತ್ತಿತ್ತು. ಅದರ ತುಟಿ, ಗದ್ದ ಎಲ್ಲ ಕಪ್ಪು. ಮಾರ್ಕರಿನ ಮಸಿ.

ತಾಯಿಯೂ ಅದೇ ಗಳಿಗೆಗೆ ನನ್ನ ನೋಟ ಹಿಡಿದು ಮಗಳ ಮುಖ ನೋಡಿದಳು. ಆಕೆಗೆ ಓದಲು ಬರುತ್ತಿತ್ತೋ ಇಲ್ಲವೋ, ಮಸಿ ಮಾತ್ರ ಅರ್ಥವಾಯಿತು. ಕೂಸಿನ ಕೈಯಿಂದ ತುಂಡನ್ನು ಕಿತ್ತು ಸೆರಗಿನ ಕೆಳಗೆ ಹಾಕಿಕೊಂಡು, ಕೂಸಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ನನ್ನನ್ನೇ ನೋಡುತ್ತಾ ತಲೆ ಅಲ್ಲಾಡಿಸಿದಳು. ಹೇಳಬೇಡಿ ಎನ್ನುತ್ತಿದ್ದಳು. ರಾಡು ಹಿಡಿದವನು ಆಕೆಯ ಗ್ಯಾಂಗಿನ ಗಾಡಿಯವನು. ಇನ್ನು ಮೂರು ತಿಂಗಳು ಅವನ ಜೊತೆಯೇ ದುಡಿಯಬೇಕಾದವಳು.

ಹೇಳಬೇಕಿತ್ತು. ಆಕೆಯ ಹೆಸರು ಎತ್ತದೆ ನನ್ನ ಹೆಸರಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಆ ರಾಡು ನನ್ನ ತಲೆಗೆ ಬೀಳುತ್ತದೆ ಎಂಬ ಭಯ ಒಂದು, ನನ್ನ ಹಲಗೆಯ ಮಾನ ಹೋಗುತ್ತದೆ ಎಂಬುದು ಇನ್ನೊಂದು. ಥೂ, ಅಂಥ ಹೊತ್ತಿನಲ್ಲೂ ಅದೇ ಚಿಂತೆ! ಬಾಣಲೆಯಲ್ಲಿ ಪೂರಿ ಕೆಂಪಾಯಿತು, ನಾನು ತಿರುವಲಿಲ್ಲ. ರಾಡು ಹೆಗಲಿಗೆ ಬಿತ್ತು, ಬೆನ್ನಿಗೆ ಬಿತ್ತು, ನೆಲದ ಮೇಲೆ ಚಾಚಿಬಿದ್ದ ಬಲಗೈ ಬೆರಳುಗಳ ಮೇಲೆ ಬಿತ್ತು. ಪೂರಿ ಕಂದಾಯಿತು. ಸಾಂಬ್ರಾಣಿಯವನ ತಲೆ ಒಡೆದು ರಕ್ತ ಬೆಂಚಿನ ಕಾಲಿನ ಕೆಳಗೆ ಹರಿಯಿತು. ಪೂರಿ ಕಪ್ಪಾಗಿ ಹೊಗೆಯಾಡಿತು.

ಆಗ ಮುಂಡಗೋಡದವನು ತನ್ನ ಜೊತೆಗಾರನಿಗೆ "ಕೊಯ್ತಾ ತಾರಲೇ" ಅಂದ. ಜೊತೆಗಾರ ನಿಜವಾಗಿಯೂ ಗಾಡಿಯ ಕಡೆ ಹೊರಟ.

ರಾಡಿನ ಏಟು ತಿಂದವನು ಬದುಕಬಹುದು. ಕಬ್ಬನ್ನು ಒಂದೇ ಬೀಸಿಗೆ ಬುಡದಿಂದ ಕತ್ತರಿಸುವ ಕೊಯ್ತಾ ಬಂದರೆ ಮುಗಿಯಿತು. ಬಿಡಿಸಲು ನನ್ನೊಬ್ಬಳಿಂದ ಆಗುವುದಿಲ್ಲ. ನಿಂತು ನೋಡುತ್ತಿದ್ದ ಹತ್ತು ಹನ್ನೆರಡು ಜನ ಕೈ ಹಚ್ಚಬೇಕು. ಅವರು ಯಾವುದಕ್ಕೆ ಕೈ ಹಚ್ಚುತ್ತಾರೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಹಲಗೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಿ ಮಗುಚಿದೆ. ತುಂಡುಗಳೆಲ್ಲ ಮುಂದಿನ ಗಟಾರಕ್ಕೆ, ಪಾತ್ರೆ ತೊಳೆದ ನೀರಿಗೆ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಇನ್ನು ಯಾರು ಮೊದಲು, ಯಾರು ಕೊನೆ ಎಂದು ದೇವರಿಗೂ ಗೊತ್ತಾಗುವಂತಿರಲಿಲ್ಲ.

"ಆ ತುಂಡು ತಗದಾಕಿ ನಾನು!" ಎಂದು ಕಿರುಚಿದೆ. "ಕಟ್ಟಿಗಿ ಅಂತ ತಿಳದು ಒಲಿಗೆ ಹಾಕೀನಿ! ಹೊಡೀರಿ, ನನ್ನ ಹೊಡೀರಿ! ಅವ ಏನೂ ಮಾಡಿಲ್ಲ!"

ಅಷ್ಟೂ ಜನ ಒಮ್ಮೆಗೇ ನನ್ನ ಕಡೆ ನುಗ್ಗಿದರು. "ಏನ ಮಾಡಿದಿರಿ ಅಕ್ಕಾರ!" ಎಂದು ಒಬ್ಬ, "ಹುಚ್ಚ ಹಿಡದೈತೇನ ನಿನಗ?" ಎಂದು ಇನ್ನೊಬ್ಬ. ಮುಂಡಗೋಡದವನು ಎಲ್ಲರಿಗಿಂತ ಮುಂದೆ. ಅವನು ಬೀಸಿದ ರಾಡಿಗೆ ಎಡಗೈ ಅಡ್ಡ ಹಿಡಿದೆ. ಮುಂಗೈ ಮುರಿದ ಸದ್ದು ನನಗೇ ಕೇಳಿಸಿತು. ಎರಡನೆಯ ಏಟಿಗೆ ಅವನು ಕೈ ಎತ್ತಿದಾಗ ನೆಗೆಣ್ಣಿ ಲಟ್ಟಣಿಗೆಯಿಂದ ಅವನ ಮೋರೆಗೆ ಬಾರಿಸಿದಳು. ಮೂಗಿನಿಂದ ರಕ್ತ ಬುಳುಬುಳು ಇಳಿಯಿತು. ಕೊಯ್ತಾ ತರಲು ಹೋದವನನ್ನು ಪಾಳಿಯ ಉಪಾಯ ಹುಡುಕಿದ್ದ ಆ ಹಿರಿಯ ಡ್ರೈವರು ಬಾಗಿಲಲ್ಲೇ ಅಪ್ಪಿ ಹಿಡಿದ. ಆಗಷ್ಟೇ ಉಳಿದವರಿಗೂ ಕೈಕಾಲು ಬಂದವು. ನಾಲ್ಕು ಜನ ಸೇರಿ ಮುಂಡಗೋಡದವನನ್ನು ಕೆಡವಿ, ಹೇರು ಬಿಗಿಯುವ ಹಗ್ಗದಿಂದಲೇ ಕಂಬಕ್ಕೆ ಕಟ್ಟಿದರು. ಕಟ್ಟುವಾಗ ಅವರೂ ಅವನನ್ನು ಸುಮ್ಮನೆ ಬಿಡಲಿಲ್ಲ. ಅದುವರೆಗೆ ನೋಡುತ್ತ ನಿಂತವರೇ ಎಲ್ಲರಿಗಿಂತ ಹೆಚ್ಚು ಒದ್ದರು.

ನಾನು ಗೆದ್ದೆ ಅಂದುಕೊಂಡೆ. ಗೆಲುವು ಎಷ್ಟು ಹೊತ್ತು? ಹೊರಗೆ ಒಂದು ಇಂಜಿನ್ನು ಶುರುವಾಯಿತು, ಅದರ ಹಿಂದೆ ಇನ್ನೊಂದು. ಪಾಳಿಯೇ ಇಲ್ಲ ಎಂದಾದ ಮೇಲೆ ಮುಂದೆ ನುಗ್ಗಿದವನೇ ಮೊದಲು. ಗದ್ದೆಯಿಂದ, ಮರದ ಕೆಳಗಿನಿಂದ ಒಂದೊಂದೇ ಗಾಡಿ ರಸ್ತೆಗೆ ಬಿದ್ದು, ಒಂದರ ಟ್ರೇಲರು ಇನ್ನೊಂದರ ಗಾಲಿಗೆ ಸಿಕ್ಕಿ, ಹತ್ತು ನಿಮಿಷದಲ್ಲಿ ರಸ್ತೆ ಪೂರಾ ಬಂದಾಯಿತು. ನೆಗೆಣ್ಣಿ ಫೋನು ಮಾಡಿ ಕರೆಸಿದ ಅಂಬುಲೆನ್ಸು ಆ ತುದಿಯಲ್ಲಿ ನಿಂತು ಕೂಗುತ್ತಿತ್ತು, ಸಾಂಬ್ರಾಣಿಯವನು ಈ ತುದಿಯಲ್ಲಿ ನನ್ನ ಸೀರೆಯ ತುಂಡು ತಲೆಗೆ ಕಟ್ಟಿಸಿಕೊಂಡು ಬಿದ್ದಿದ್ದ. ಅವನನ್ನು ಉಳಿಸಲು ನಾನು ಮಾಡಿದ್ದೇ ಅವನ ಹಾದಿಗೆ ಅಡ್ಡ ನಿಂತಿತ್ತು.

ಹಿತ್ತಿಲಿನ ಹೊರಸು ತಂದು ಅದರ ಮೇಲೆ ಮಲಗಿಸಿದೆವು. ಒಂದು ಕಾಲಿಗೆ ನೆಗೆಣ್ಣಿ, ಒಂದಕ್ಕೆ ಹಿರಿಯ ಡ್ರೈವರು, ಒಂದಕ್ಕೆ ಇನ್ನೊಬ್ಬ. ನಾಲ್ಕನೆಯದಕ್ಕೆ ನನ್ನ ಕೈ ಆಗುತ್ತಿರಲಿಲ್ಲ. ಆ ಹೆಂಗಸು ಮಗಳನ್ನು ಬೆನ್ನಿಗೆ ಸೆರಗಿನಿಂದ ಬಿಗಿದುಕೊಂಡು ಬಂದು, ಏನೂ ಅನ್ನದೆ ಹೊರಸಿನ ಕಾಲು ಹಿಡಿದಳು. ಗಾಡಿಗಳ ನಡುವಿನ ಸಂದಿನಲ್ಲಿ, ಗಟಾರದಲ್ಲಿ ಇಳಿದು, ಕಬ್ಬಿನ ರವದಿಯ ಒಣ ಗರಿಗೆ ಮುಖ ತರಚಿಕೊಳ್ಳುತ್ತ ನಡೆದೆವು. ನಾನು ಮುಂದೆ ನಡೆಯುತ್ತ ಒಂದೇ ಕೈಯಿಂದ ಎದುರಿಗೆ ಬಂದವರನ್ನೆಲ್ಲ ದೂಡುತ್ತ, ಬೈಯುತ್ತ ದಾರಿ ಮಾಡಿದೆ. ಒಬ್ಬ ಡ್ರೈವರು ಗಾಡಿ ಹಿಂದೆ ತೆಗೆಯಲು ಒಪ್ಪದಿದ್ದಾಗ ಅವನ ಮೋರೆಗೆ ಉಗುಳಿದೆ. ಆಗ ಅವನು ತೆಗೆದ.

ಹಳಿಯಾಳದಲ್ಲಿ ಹೊಲಿಗೆ ಹಾಕಿ, ಅಲ್ಲಿಂದ ಅವನನ್ನು ಹುಬ್ಬಳ್ಳಿಗೆ ಕಳಿಸಿದರು. ಜೀವ ಉಳಿಯಿತು. ಬಲ ಮೊಣಕೈ ಪೂರ್ತಿ ಮಡಚುವುದಿಲ್ಲ, ಮೂರು ಬೆರಳು ಮುಷ್ಟಿ ಕಟ್ಟುವುದಿಲ್ಲ. ಡ್ರೈವರನಿಗೆ ಬಲಗೈ ಹೋದರೆ ಏನು ಉಳಿಯಿತು? ಮುಂಡಗೋಡದವನನ್ನು ಪೊಲೀಸರು ಒಯ್ದರು. ನನ್ನ ಹೇಳಿಕೆಯಲ್ಲಿ ತುಂಡು ಒಲೆಗೆ ಹೋಯಿತು ಎಂದೇ ಬರೆಸಿದೆ.

ಊರಲ್ಲಿ ನನ್ನದೇ ಸುದ್ದಿ. "ಹೆಣ್ಮಗಳಾಗಿ ರಾಡಿಗೆ ಕೈ ಕೊಟ್ಟಾಳ ನೋಡ್ರಿ, ಒಂದ ಜೀವ ಉಳಿಸ್ಯಾಳ," ಎಂದರು. ಸುಣ್ಣದ ಪಟ್ಟಿ ಹಾಕಿದ ಕೈ ನೋಡಲು ಜನ ಬಂದರು. ಬಂದವರಿಗೆಲ್ಲ ಹಲಗೆ ಮಗುಚಿದ ಕಥೆ ಹೇಳಿದೆ. ಅದಕ್ಕಿಂತ ಮೊದಲಿನದನ್ನು ಯಾರಿಗೂ ಹೇಳಲಿಲ್ಲ.

ಹಂಗಾಮು ಮುಗಿದು, ಹೋಟೆಲಿನಲ್ಲಿ ಗಿರಾಕಿ ಕಡಿಮೆಯಾದ ಒಂದು ಮುಂಜಾನೆ ಸಾಂಬ್ರಾಣಿಯವನು ಬಂದ. ಯಾರದೋ ಬೈಕಿನ ಹಿಂದೆ ಕುಳಿತು ಬಂದಿದ್ದ. ನನಗೆ ಭಯವೂ ಆಯಿತು, ಖುಷಿಯೂ ಆಯಿತು. "ಬಾರಪಾ ತಮ್ಮಾ, ಬಾ, ಕುಂದ್ರು" ಎಂದು ಬೆಂಚು ಒರೆಸಿ, ಬಿಸಿಬಿಸಿ ನಾಲ್ಕು ಪೂರಿ ಹಾಕಿಕೊಟ್ಟೆ. ಎಡಗೈಯಲ್ಲಿ ಮುರಿದು ನಿಧಾನವಾಗಿ ತಿನ್ನುತ್ತಿದ್ದ. ಎರಡು ಪೂರಿ ಮುಗಿದ ಮೇಲೆ ತಲೆ ಎತ್ತಿದ.

"ಅಕ್ಕಾರ, ಒಂದ ಮಾತ ಕೇಳಲ್ಯಾ?"

"ಕೇಳಪಾ."

"ಆ ಕೂಸಿನ ಬಾಯಿ ಕರ್ರಗಿದ್ದಿದ್ದು ನೀವು ನೋಡಿದಿರಿ. ನಾನೂ ನೋಡಿದ್ನಿ. ನೆಲದ ಮ್ಯಾಲೆ ಬಿದ್ದಾವಗ ಬಾಗಲಾನ ಕಾಣತಿತ್ತು."

ಸೌಟು ಕೆಳಗಿಟ್ಟು ಅವನ ಎದುರು ಬಂದೆ.

"ಗೊತ್ತಿತ್ತೇನು ನಿನಗ? ಮತ್ತ ನೀ ಯಾಕ ಹೇಳಲಿಲ್ಲೋ ಮಾರಾಯಾ?"

"ನಾ ಹೇಳಿದ್ರ ಯಾರ ನಂಬತಿದ್ರರಿ? ತಾ ಕದ್ದು ಕೂಸಿನ ಮ್ಯಾಲೆ ಹಾಕ್ತಾನ ಅಂತ ಇನ್ನೂ ನಾಕ ಹೆಚ್ಚಿಗಿ ಹಾಕತಿದ್ರು. ಆ ಕೂಸಿನ ತಾಯೀನೂ ಬಿಡತಿದ್ದಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನ್ನಿಂದ ತಡೆಯಲಾಗಲಿಲ್ಲ. "ನೀವು ಹೇಳಿದ್ರ ನಂಬತಿದ್ರು. ಈಗ ಹೇಳತಾರ, ಈಗ ಹೇಳತಾರ ಅಂತ ನಿಮ್ಮ ಮಾರಿ ನೋಡಕೋಂತ ಬಿದ್ದಿದ್ನಿ."

ಭಯವಾಯಿತಪಾ ಎಂದು ಹೇಳಲು ಬಾಯಿ ತೆರೆದೆ. ಅವನು ತಾಟು ನೋಡುತ್ತಲೇ ಇನ್ನೊಂದು ಕೇಳಿದ.

"ಸಿದ್ದ್ಯಾರ ಮೈ ಗಟ್ಟಿ ಇರತೈತಿ, ಇನ್ನೊಂದೀಟು ತಡಕೋತಾನ ಅಂತ ಅಂದ್ಕೊಂಡ್ರೇನ್ರಿ?"

ಇಲ್ಲ ಎನ್ನಬಹುದಿತ್ತು. ಕೇಳುವವರು ಇನ್ಯಾರೂ ಇರಲಿಲ್ಲ, ನೆಗೆಣ್ಣಿ ಕೂಡ ಹಿತ್ತಿಲಲ್ಲಿದ್ದಳು. ಆದರೆ ಅವನು ಕೇಳಿದ ಮೇಲೆಯೇ ನನಗೆ ಗೊತ್ತಾಯಿತು. ಪೂರಿ ಕೆಂಪಾಗುವಾಗ, ಕಂದಾಗುವಾಗ, ನನ್ನ ತಲೆಯೊಳಗೆ ಎಲ್ಲೋ ಇದೇ ಮಾತು ಓಡಿತ್ತು. ಬೇರೆ ಯಾವ ಹುಡುಗ ಬಿದ್ದಿದ್ದರೂ ನಾನು ಅಷ್ಟು ಹೊತ್ತು ಸೌಟು ಹಿಡಿದು ನಿಲ್ಲುತ್ತಿರಲಿಲ್ಲ.

"ಹೌದಪಾ," ಅಂದೆ. "ಹಂಗ ಅಂದ್ಕೊಂಡ್ನಿ."

ಅವನು ತಲೆಯಾಡಿಸಿದ. ಎದ್ದು ಎಡಗೈ ತೊಳೆದುಕೊಂಡು, ಹೊರಗೆ ಕಾಯುತ್ತಿದ್ದ ಬೈಕಿನ ಹಿಂದೆ ಕಷ್ಟಪಟ್ಟು ಹತ್ತಿ ಕುಳಿತ. ತಾಟಿನಲ್ಲಿ ಎರಡು ಪೂರಿ ಹಾಗೇ ಉಳಿದಿದ್ದವು. ಮುಗಿಸಿ ಹೋಗು ಎಂದು ಕರೆಯಬೇಕೆನ್ನಿಸಿತು. ಯಾವ ಬಾಯಿಂದ ಕರೆಯಲಿ?